ಪ್ರೇಕ್ಷಕ ಮತ್ತು ಪ್ರಾಶ್ನಿಕ: ಕೇರಳದ ಕನ್ನಡ ಮನೆಗಳಲ್ಲಿ ಮಕ್ಕಳೊಡನೆ ತೆರೆಯ ನಾಟಕ

೧

ಹೊರನಾಡ ಕನ್ನಡಿಗರ ಭಾಷಾಸ್ಥಿತಿಯನ್ನು ಕುರಿತು ಮಾತನಾಡುವಾಗ ಮನೆಯ ಮಾತು, ಶಾಲೆಯ ಮಾತು, ಪೇಟೆಯ ಮಾತು ಎಂದು ಮೂರು ನೆಲೆಗಳನ್ನು ಗುರುತಿಸುವುದು ವಾಡಿಕೆ. ಮನೆಯೊಳಗೇ ಇದ್ದು ಈ ಮೂರಕ್ಕೂ ಬಾಗಿಲು ತೆರೆದಿರುವ ಇನ್ನೊಂದು ನೆಲೆಯನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ. ಅದು ತೆರೆಯ ಮುಂದಿನ ನೆಲೆ. ಚಲನಚಿತ್ರ, ದೂರದರ್ಶನ ಧಾರಾವಾಹಿ, ಈಚೆಗೆ ಅಂತರಜಾಲದ ಮೂಲಕ ಬರುತ್ತಿರುವ ಸರಣಿ, ಇವೆಲ್ಲವನ್ನೂ ಅನುಕೂಲಕ್ಕಾಗಿ ‘ತೆರೆಯ ನಾಟಕ’ ಎಂದು ಕರೆಯುತ್ತೇವೆ. ಹತ್ತರಿಂದ ಹನ್ನೆರಡು ವರ್ಷದ ಮಗುವೊಂದನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಿರಿಯರು ಇಂತಹ ನಾಟಕವನ್ನು ನೋಡಿದಾಗ ಸವಿಯುವ ಕೆಲಸಕ್ಕೂ ಬೆಲೆಗಟ್ಟುವ ಕೆಲಸಕ್ಕೂ ಯಾವ ಬಗೆಯ ಸಂಬಂಧ ಏರ್ಪಡುತ್ತದೆ, ಆ ಸಂಬಂಧದಲ್ಲಿ ಕನ್ನಡಕ್ಕೆ ದೊರೆಯುವ ಸ್ಥಾನವೇನು ಎಂಬುದು ನಮ್ಮ ಪ್ರಶ್ನೆ.

ಕೊಚ್ಚಿ ಮತ್ತು ತಿರುವನಂತಪುರಗಳನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. ಕೇರಳದ ಕನ್ನಡವೆಂದೊಡನೆ ನೆನಪಾಗುವುದು ಕಾಸರಗೋಡು. ೧೯೫೬ರ ನವೆಂಬರ್ ೧ರಂದು ಕೇರಳಕ್ಕೆ ಸೇರಿದ ಆ ನೆಲದಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ, ಕನ್ನಡ ಪತ್ರಿಕೆಗಳ ಓದುಗರಿದ್ದಾರೆ, ಯಕ್ಷಗಾನದ ಆಟಗಳಿವೆ. ಕೊಚ್ಚಿ, ತಿರುವನಂತಪುರಗಳ ಕನ್ನಡ ಕುಟುಂಬಗಳ ಸ್ಥಿತಿ ಬೇರೆ. ಉಡುಪಿ, ಕುಂದಾಪುರಗಳ ಕಡೆಯಿಂದ ಹೋಟೆಲು ನಡೆಸಲು ಬಂದವರು, ತುಳುನಾಡಿನಿಂದ ದೇವಾಲಯಗಳ ಅರ್ಚಕವೃತ್ತಿಗೆ ಬಂದವರು, ಬ್ಯಾಂಕು, ನೌಕಾದಳ, ಹಡಗುಕಟ್ಟೆ, ತುಂಬಾದ ಬಾಹ್ಯಾಕಾಶ ಕೇಂದ್ರಗಳ ನೌಕರರು, ೧೯೯೦ರ ಟೆಕ್ನೋಪಾರ್ಕ್ ಹಾಗೂ ೨೦೦೪ರ ಇನ್ಫೋಪಾರ್ಕ್‌ಗಳ ತರುವಾಯ ಬಂದ ತಂತ್ರಜ್ಞರು, ಇವರ ಮನೆಗಳು ನಗರದಲ್ಲಿ ಚದುರಿಹೋಗಿವೆ. ಇಲ್ಲಿಯ ಮಗು ಶಾಲೆಯಲ್ಲಿ ಸಾಮಾನ್ಯವಾಗಿ ಇಂಗ್ಲಿಷ್, ಮಲಯಾಳ, ಹಿಂದಿಗಳನ್ನು ಕಲಿಯುತ್ತದೆ. ೨೦೧೭ರ ಕಾಯಿದೆಯು ಕೇರಳದ ಶಾಲೆಗಳಲ್ಲಿ ಹತ್ತನೆಯ ತರಗತಿಯವರೆಗೆ ಮಲಯಾಳದ ಕಲಿಕೆಯನ್ನು ಕಡ್ಡಾಯಗೊಳಿಸಿದೆ. ನೆಲದ ಭಾಷೆಯನ್ನು ಕಲಿಯುವುದು ನ್ಯಾಯವೇ ಆಗಿದೆ. ಅದರ ಬಗ್ಗೆ ದೂರಿಲ್ಲ. ಆದರೆ ಕನ್ನಡ ಆ ಮಗುವಿಗೆ ಕಿವಿಯ ಭಾಷೆಯಾಗಿ, ಊಟದ ಮನೆಯ ಭಾಷೆಯಾಗಿ ಉಳಿಯುತ್ತದೆ. ಆ ಭಾಷೆಯಲ್ಲಿ ಅದು ಕೇಳುತ್ತದೆ, ನಗುತ್ತದೆ, ಹಟ ಮಾಡುತ್ತದೆ. ‘ಇದು ಏಕೆ ಚೆನ್ನಾಗಿಲ್ಲ’ ಎಂದು ವಿವರಿಸಬೇಕಾದ ಕ್ಷಣದಲ್ಲಿ ಮಾತ್ರ ಬೇರೆ ಭಾಷೆಗೆ ಹೊರಳುತ್ತದೆ. ಸವಿಯುವ ಭಾಷೆಯೊಂದು, ತೀರ್ಪಿನ ಭಾಷೆ ಮತ್ತೊಂದು ಆಗುವ ಈ ಒಡಕು ನಮ್ಮ ಚರ್ಚೆಯ ಕೇಂದ್ರ.

೨

ಈ ಮನೆಗಳಿಗೆ ಕನ್ನಡದ ತೆರೆ ಬಂದುದು ತಡವಾಗಿ. ತಿರುವನಂತಪುರದ ದೂರದರ್ಶನ ಕೇಂದ್ರದಿಂದ ೧೯೮೫ರಲ್ಲಿ ಮಲಯಾಳದ ಪ್ರಸಾರ ಆರಂಭವಾಯಿತು. ಆ ಕಾಲದಲ್ಲಿ ಅಲ್ಲಿಯ ಕನ್ನಡಿಗರಿಗೆ ಕನ್ನಡ ಚಿತ್ರ ಕಾಣಸಿಗುತ್ತಿದ್ದುದು ರಾಷ್ಟ್ರೀಯ ಜಾಲದ ಭಾನುವಾರ ಮಧ್ಯಾಹ್ನದ ಪ್ರಾದೇಶಿಕ ಚಿತ್ರಗಳ ಸರದಿಯಲ್ಲಿ, ಎಂದೋ ಒಮ್ಮೆ. ಆಗುಂಬೆಯಲ್ಲಿ ಚಿತ್ರಿತವಾಗಿ, ಶಂಕರನಾಗ್ ನಿರ್ದೇಶನದಲ್ಲಿ ಬಂದ ‘ಮಾಲ್ಗುಡಿ ಡೇಸ್’ ೧೯೮೬ರಲ್ಲಿ ಮನೆಮನೆಗೆ ತಲುಪಿತಾದರೂ ಮಲೆನಾಡಿನ ಓಣಿಯಲ್ಲಿ ಓಡಾಡುವ ಸ್ವಾಮಿ ಮಾತನಾಡಿದ್ದು ಹಿಂದಿಯಲ್ಲಿ. ೧೯೯೩ರಲ್ಲಿ ಏಷ್ಯಾನೆಟ್, ೧೯೯೪ರಲ್ಲಿ ಉದಯ ವಾಹಿನಿ ಆರಂಭವಾದ ಮೇಲೆ ಉಪಗ್ರಹದ ಮೂಲಕ ಎರಡು ಭಾಷೆಗಳ ಕತೆಗಳೂ ಒಂದೇ ಪೆಟ್ಟಿಗೆಯೊಳಗೆ ಬರುವಂತಾಯಿತು. ಈಗ ಎರಡು ಭಾಷೆಯ ಚಿತ್ರಗಳೂ ಬೇಡಿದ ಗಳಿಗೆಯಲ್ಲಿ ದೊರೆಯುತ್ತವೆ. ಅಭಾವದ ಕಾಲದಲ್ಲಿ ಒಟ್ಟಿಗೆ ನೋಡುವುದು ಅನಿವಾರ್ಯವಾಗಿತ್ತು. ಇಂದು ಮಗು ತನ್ನ ಪಾಡಿಗೆ ಮೊಬೈಲಿನಲ್ಲಿ ನೋಡಬಲ್ಲದು. ಆದ್ದರಿಂದ ಮಗುವಿನೊಡನೆ ಕುಳಿತು ನೋಡುವುದು ಈಗ ಹಿರಿಯರು ಉದ್ದೇಶಪೂರ್ವಕವಾಗಿ ಮಾಡಬೇಕಾದ ಕೆಲಸವಾಗಿದೆ.

೩

ನಮ್ಮ ಕಾವ್ಯಮೀಮಾಂಸೆಯಲ್ಲಿ ಇದಕ್ಕೆ ನೆರವಾಗುವ ಒಂದು ವಿವೇಚನೆ ಇದೆ. ನಾಟ್ಯಶಾಸ್ತ್ರದ ಇಪ್ಪತ್ತೇಳನೆಯ ಅಧ್ಯಾಯದಲ್ಲಿ ಭರತನು ನೋಡುವವರನ್ನು ಕುರಿತು ಹೇಳುವಾಗ ಪ್ರೇಕ್ಷಕನನ್ನೂ ಪ್ರಾಶ್ನಿಕನನ್ನೂ ಬೇರ್ಪಡಿಸುತ್ತಾನೆ. ಪಾತ್ರದ ಸುಖದುಃಖಗಳಲ್ಲಿ ತಾನೂ ಪಾಲುಗೊಳ್ಳುವವನು ಪ್ರೇಕ್ಷಕ. ಪ್ರಯೋಗದ ಗುಣದೋಷಗಳನ್ನು ನಿರ್ಣಯಿಸಲು ನೇಮಕಗೊಂಡವನು ಪ್ರಾಶ್ನಿಕ. ವೈಯಾಕರಣ, ನರ್ತಕ, ಬಿಲ್ಗಾರ, ಚಿತ್ರಕಾರ ಮೊದಲಾಗಿ ಒಂದೊಂದು ವಿದ್ಯೆಯಲ್ಲಿ ನುರಿತವರು ಆ ಸ್ಥಾನದಲ್ಲಿರುತ್ತಾರೆ. ಮಕ್ಕಳ ವಿಷಯದಲ್ಲಿ ಭರತನ ನಿರೀಕ್ಷೆ ದೊಡ್ಡದಲ್ಲ: ಹಾಸ್ಯವೂ ವೇಷಭೂಷಣವೂ ಅವರನ್ನು ತಣಿಸುತ್ತವೆ ಎಂಬಷ್ಟಕ್ಕೇ ಆ ಮಾತು ನಿಲ್ಲುತ್ತದೆ.

ಆರು ವರ್ಷದ ಮಗುವಿಗೆ ಈ ಮಾತು ಹೊಂದಬಹುದು. ಹನ್ನೊಂದು ವರ್ಷದ ಮಗುವಿಗೆ ಹೊಂದುವುದಿಲ್ಲ. ಮಕ್ಕಳ ನೈತಿಕ ವಿವೇಚನೆಯನ್ನು ಕುರಿತು ೧೯೩೨ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಜೀನ್ ಪಿಯಾಜೆ ತೋರಿಸಿದಂತೆ, ಕಿರಿಯ ಮಗು ತಪ್ಪನ್ನು ಅದರಿಂದಾದ ಹಾನಿಯ ಪ್ರಮಾಣದಿಂದ ಅಳೆಯುತ್ತದೆ. ವಯಸ್ಸು ಹತ್ತರ ಸುಮಾರಿಗೆ ಬರುವ ವೇಳೆಗೆ ಮಾಡಿದವನ ಉದ್ದೇಶವನ್ನು ಎಣಿಕೆಗೆ ತೆಗೆದುಕೊಳ್ಳುತ್ತದೆ. ಬಾಲ್ಯಕ್ಕೂ ಹರೆಯಕ್ಕೂ ನಡುವಿನ ಈ ಎರಡು ಮೂರು ವರ್ಷಗಳಲ್ಲಿ ಅಳತೆಗೋಲು ಕೈ ಬದಲಾಯಿಸುತ್ತಿರುತ್ತದೆ. ಈ ವಯಸ್ಸಿನ ಮಗು ಕಣ್ಣೀರು ಒರೆಸಿಕೊಳ್ಳುತ್ತಲೇ ‘ಅವನು ಬಾಗಿಲು ಏಕೆ ಹಾಕಲಿಲ್ಲ?’ ಎಂದು ಕೇಳಬಲ್ಲದು. ಅದು ಪ್ರೇಕ್ಷಕನೂ ಹೌದು, ಪ್ರಾಶ್ನಿಕನೂ ಹೌದು. ಪ್ರಶ್ನೆಯಿಂದಲೇ ಹುಟ್ಟಿದ ‘ಪ್ರಾಶ್ನಿಕ’ ಎಂಬ ಹೆಸರು ಈ ವಯಸ್ಸಿಗೆ ಒಪ್ಪುವಷ್ಟು ಇನ್ನಾವ ವಯಸ್ಸಿಗೂ ಒಪ್ಪದು.

ಮಗುವಿನ ಇಂತಹ ಪ್ರಶ್ನೆಗಳನ್ನು ರಸಭಂಗವೆಂದು ಗದರಿಸುವುದು ಹಿರಿಯರ ರೂಢಿ. ಆದರೆ ಅಭಿನವಗುಪ್ತನು ರಸಾಸ್ವಾದಕ್ಕೆ ಬರುವ ವಿಘ್ನಗಳನ್ನು ಎಣಿಸುವಾಗ ಮೊತ್ತಮೊದಲಿಗೆ ಹೇಳುವುದು ಸಂಭಾವ್ಯತೆಯ ಅಭಾವವನ್ನು, ಎಂದರೆ ‘ಹೀಗೂ ನಡೆದೀತೇ’ ಎಂಬ ಅಪನಂಬಿಕೆಯನ್ನು. ಮಗುವಿನ ಪ್ರಶ್ನೆ ಬೆಟ್ಟು ಮಾಡುವುದು ಬಹಳ ಮಟ್ಟಿಗೆ ಇದನ್ನೇ. ವಿಘ್ನ ಕೃತಿಯಲ್ಲಿದ್ದರೆ ಅದನ್ನು ಎತ್ತಿ ತೋರಿಸಿದವರ ಮೇಲೆ ಸಿಡುಕುವುದರಲ್ಲಿ ಅರ್ಥವಿಲ್ಲ.

೪

ಉದಾಹರಣೆಗಳಿಂದ ಈ ಮಾತು ಸ್ಪಷ್ಟವಾಗುತ್ತದೆ. ಕೇರಳದ ಕನ್ನಡ ಮಗುವಿಗೆ ಇರುವ ಒಂದು ವಿಶೇಷ ಅನುಕೂಲವೆಂದರೆ ಮಲಯಾಳದ ಮೂಲಚಿತ್ರವನ್ನೂ ಅದರ ಕನ್ನಡ ರೂಪವನ್ನೂ ಎರಡೂ ಭಾಷೆ ತಿಳಿದು ನೋಡಬಲ್ಲ ಶಕ್ತಿ.

ಫಾಸಿಲ್ ನಿರ್ದೇಶಿಸಿದ ‘ಮಣಿಚಿತ್ರತ್ತಾಳ್’ ೧೯೯೩ರಲ್ಲಿ ತೆರೆಕಂಡಿತು. ಚಿತ್ರದ ಹಳೆಯ ಅರಮನೆಮನೆಯ ದೃಶ್ಯಗಳಿಗೆ ಕೊಚ್ಚಿಯ ನೆರೆಯ ತೃಪ್ಪೂಣಿತ್ತುರದ ಹಿಲ್ ಪ್ಯಾಲೆಸ್ ಬಳಕೆಯಾಯಿತು; ಅದು ಇಂದು ವಸ್ತುಸಂಗ್ರಹಾಲಯ, ಕೊಚ್ಚಿಯ ಶಾಲಾಮಕ್ಕಳಿಗೆ ಕೈಗೆಟುಕುವ ದೂರದಲ್ಲಿದೆ. ೨೦೨೪ರಲ್ಲಿ ಚಿತ್ರ ಮತ್ತೆ ಬಿಡುಗಡೆಯಾದುದರಿಂದ ಇಂದಿನ ಮಕ್ಕಳಿಗೂ ಅದನ್ನು ಚಿತ್ರಮಂದಿರದಲ್ಲಿ ನೋಡುವ ಅವಕಾಶ ದೊರೆಯಿತು. ಇದರ ಕನ್ನಡ ರೂಪ, ಪಿ. ವಾಸು ನಿರ್ದೇಶನದ ‘ಆಪ್ತಮಿತ್ರ’, ೨೦೦೪ರಲ್ಲಿ ಬಂತು. ನಾಯಕಿ ಸೌಂದರ್ಯ ಅದೇ ವರ್ಷದ ಏಪ್ರಿಲ್ ತಿಂಗಳಲ್ಲಿ ವಿಮಾನಾಪಘಾತದಲ್ಲಿ ತೀರಿಕೊಂಡಿದ್ದರು. ಹಿರಿಯರು ಆ ಚಿತ್ರವನ್ನು ನೋಡುವಾಗ ಈ ದುಃಖವೂ ವಿಷ್ಣುವರ್ಧನ್ ಅವರ ಮೇಲಣ ಅಭಿಮಾನವೂ ಜೊತೆಗೂಡುತ್ತವೆ. ಮಗುವಿಗೆ ಈ ನೆನಪುಗಳಿಲ್ಲ. ಅದು ತೆರೆಯ ಮೇಲಿರುವುದನ್ನು ಮಾತ್ರ ನೋಡುತ್ತದೆ.

ಎರಡನ್ನೂ ನೋಡಿದ ಮಗು ಎತ್ತಬಹುದಾದ ಪ್ರಶ್ನೆಗಳನ್ನು ಗಮನಿಸೋಣ. ಎರಡು ಚಿತ್ರಗಳಲ್ಲಿಯೂ ಭೂತದ ಕಾಟವೆಂದು ಜನ ನಂಬಿದ್ದು ಒಬ್ಬ ಹೆಣ್ಣುಮಗಳ ಮನಸ್ಸಿನ ಬೇನೆಯೆಂದು ವೈದ್ಯನು ಕಂಡುಹಿಡಿಯುತ್ತಾನೆ. ಹಾಗಿದ್ದಮೇಲೆ ಕನ್ನಡ ಚಿತ್ರದಲ್ಲಿ ಹೊಸದಾಗಿ ಸೇರಿಕೊಂಡ ಆ ಭಾರಿ ಹಾವು ಯಾವ ಲೆಕ್ಕಕ್ಕೆ ಸೇರಬೇಕು? ಎಲ್ಲವನ್ನೂ ವಿವರಿಸಿದ ವೈದ್ಯ ಹಾವನ್ನು ಏಕೆ ವಿವರಿಸಲಿಲ್ಲ? ಇದು ಔಚಿತ್ಯದ ಪ್ರಶ್ನೆ. ಕೃತಿ ತಾನೇ ಹಾಕಿಕೊಂಡ ಕಟ್ಟಳೆಯನ್ನು ತಾನೇ ಮುರಿದಿದೆ ಎಂಬ ಆಕ್ಷೇಪವನ್ನು ಶಾಸ್ತ್ರದ ಪರಿಭಾಷೆಯ ಹಂಗಿಲ್ಲದೆ ಮಗು ಮಂಡಿಸುತ್ತದೆ. ಹಿರಿಯರು ಇಲ್ಲಿ ‘ಸಿನಿಮಾ ಅಂದಮೇಲೆ ಇದೆಲ್ಲ ಇರುತ್ತದೆ’ ಎಂದು ಮಾತು ಮುಗಿಸಬಹುದು. ಅಥವಾ ಹಾವು ಕತೆಯ ತರ್ಕಕ್ಕೆ ಸೇರದಿದ್ದರೂ ಭಯಾನಕದ ಪೋಷಣೆಗೆ ಒದಗಿದೆಯೇ ಎಂದು ಮರುಪ್ರಶ್ನೆ ಹಾಕಬಹುದು. ಎರಡನೆಯ ದಾರಿಯಲ್ಲಿ ಸವಿಯೂ ಉಳಿಯುತ್ತದೆ, ತೀರ್ಪೂ ಹರಿತಗೊಳ್ಳುತ್ತದೆ.

ಇನ್ನೂ ಆಳವಾದ ಪ್ರಶ್ನೆಯೊಂದಿದೆ. ಮಲಯಾಳದ ಚಿತ್ರದಲ್ಲಿ ನಾಗವಲ್ಲಿ ತಂಜಾವೂರಿನಿಂದ ಬಂದ ನರ್ತಕಿ. ಆವೇಶ ಬಂದಾಗ ನಾಯಕಿಯ ಬಾಯಲ್ಲಿ ತಮಿಳು ಹೊರಡುತ್ತದೆ. ಕನ್ನಡ ಚಿತ್ರದಲ್ಲಿ ನಾಗವಲ್ಲಿಯ ಮಾತು ತೆಲುಗು. ಎರಡರಲ್ಲೂ ಭಯ ಹುಟ್ಟಿಸುವವಳು ಆಡುವುದು ನೆರೆಯ ನಾಡಿನ ನುಡಿ. ತನ್ನ ಬೀದಿಯಲ್ಲಿ ತಾನೇ ನೆರೆಯ ನುಡಿಯವಳಾಗಿರುವ ಕೊಚ್ಚಿಯ ಕನ್ನಡದ ಹುಡುಗಿಗೆ ಇದು ಥಟ್ಟನೆ ಹೊಳೆಯಬಹುದು. ಮಂಗಳೂರಿನಲ್ಲೋ ಮೈಸೂರಿನಲ್ಲೋ ಇರುವ ಅವಳ ಓರಗೆಯವಳಿಗೆ ಹೊಳೆಯದೆಯೂ ಹೋಗಬಹುದು. ಹೊರನಾಡಿನ ಬದುಕು ಕೊರತೆಯನ್ನಷ್ಟೇ ಅಲ್ಲ, ಇಂತಹ ನೋಟವನ್ನೂ ಕೊಡುತ್ತದೆ ಎಂಬುದನ್ನು ಸಂಶೋಧಕರು ಮರೆಯಬಾರದು.

೫

ಎರಡನೆಯ ಉದಾಹರಣೆ ನೀತಿಯ ಪ್ರಶ್ನೆಗೆ ಸಂಬಂಧಿಸಿದುದು. ಜೀತು ಜೋಸೆಫ್ ಅವರ ‘ದೃಶ್ಯಂ’ ೨೦೧೩ರಲ್ಲಿ ಬಂತು, ಮರುವರ್ಷವೇ ವಿ. ರವಿಚಂದ್ರನ್ ನಟಿಸಿದ ‘ದೃಶ್ಯ’ ಕನ್ನಡದಲ್ಲಿ ಬಂತು. ಕಥಾನಾಯಕ, ಮಲಯಾಳದ ಜಾರ್ಜುಕುಟ್ಟಿ, ಕನ್ನಡದ ರಾಜೇಂದ್ರ ಪೊನ್ನಪ್ಪ, ಕೇಬಲ್ ದೂರದರ್ಶನದ ಉದ್ಯೋಗ ನಡೆಸುವವನು. ಹೆಚ್ಚು ಓದಿಲ್ಲ, ಅವನ ತಿಳಿವಳಿಕೆಯೆಲ್ಲ ರಾತ್ರಿಯೆಲ್ಲ ಕುಳಿತು ನೋಡಿದ ಸಿನಿಮಾಗಳಿಂದ ಬಂದುದು. ಮನೆಯ ಹೆಣ್ಣುಮಕ್ಕಳ ಕೈಯಿಂದ ಆತ್ಮರಕ್ಷಣೆಯ ಹೊತ್ತಿನಲ್ಲಿ ಒಂದು ಕೊಲೆ ಸಂಭವಿಸಿದಾಗ, ತೆರೆಯಿಂದ ಕಲಿತ ಯುಕ್ತಿಯಿಂದಲೇ ಅವನು ಸುಳ್ಳಿನ ಕೋಟೆಯೊಂದನ್ನು ಕಟ್ಟುತ್ತಾನೆ. ಆ ಕೋಟೆಯ ಅತ್ಯಂತ ದುರ್ಬಲ ಕಲ್ಲು ಅವನ ಕಿರಿಯ ಮಗಳು. ಏನು ಹೇಳಬೇಕೆಂದು ತಂದೆ ಅವಳಿಗೆ ಕಲಿಸುತ್ತಾನೆ. ಪೊಲೀಸರು ಹೊಡೆದು ಕೇಳುವುದೂ ಕೊನೆಗೆ ಅವಳನ್ನೇ.

ಹಿರಿಯರು ಈ ಚಿತ್ರವನ್ನು ಸವಿಯುವುದು ಹೆಣಿಗೆಯ ಜಾಣ್ಮೆಗಾಗಿ. ಪಕ್ಕದಲ್ಲಿ ಕುಳಿತ ಹನ್ನೊಂದರ ಮಗು ನೋಡುವುದು ತನ್ನ ವಯಸ್ಸಿಗೆ ಹತ್ತಿರದ ಆ ಹುಡುಗಿಯನ್ನು. ಹಿರಿಯರ ಕಣ್ಣಿಗೆ ರೋಮಾಂಚಕವಾದ ವಿಚಾರಣೆಯ ದೃಶ್ಯ ಮಗುವಿನ ಕಣ್ಣಿಗೆ ನೇರವಾದ ಅನ್ಯಾಯ. ಬಳಿಕ ಬರುವ ಪ್ರಶ್ನೆಗಳನ್ನು ಊಹಿಸುವುದು ಕಷ್ಟವಲ್ಲ: ಅಪ್ಪ ಸುಳ್ಳು ಹೇಳಿಸಬಹುದೇ? ಕೊಲೆ ಬೇಕೆಂದು ಮಾಡಿದ್ದಲ್ಲವಲ್ಲ, ಹಾಗಾದರೆ ಮೊದಲೇ ಹೇಳಿಬಿಟ್ಟಿದ್ದರೆ ಏನಾಗುತ್ತಿತ್ತು? ಸತ್ತ ಹುಡುಗನ ತಾಯಿಗೆ ನಿಜ ತಿಳಿಯುವ ಹಕ್ಕಿಲ್ಲವೇ? ಉದ್ದೇಶದಿಂದ ತಪ್ಪನ್ನು ಅಳೆಯಲು ಈಗಷ್ಟೇ ಕಲಿಯುತ್ತಿರುವ ಮಗುವಿಗೆ ಈ ಕತೆ ಒಂದು ಕಠಿಣವಾದ ಲೆಕ್ಕ. ಉದ್ದೇಶ ಒಳ್ಳೆಯದು, ಸಾಧನ ಕೆಟ್ಟದು, ಫಲ ಇಬ್ಬಗೆ.

ಇಲ್ಲಿ ಹಿರಿಯರ ಎದುರು ಎರಡು ಸುಲಭ ದಾರಿಗಳಿವೆ, ಎರಡೂ ಸಾಲವು. ‘ಸುಳ್ಳು ಹೇಳುವುದು ತಪ್ಪು’ ಎಂದು ನೀತಿಪಾಠ ಒಪ್ಪಿಸಿದರೆ ಚಿತ್ರದ ಒಳಗಿನ ಸಂಕಟ ಕಾಣೆಯಾಗುತ್ತದೆ. ‘ಕತೆ ಬಹಳ ಚೆನ್ನಾಗಿದೆ, ಅಷ್ಟು ಸಾಕು’ ಎಂದರೆ ಮಗುವಿನ ನ್ಯಾಯಬುದ್ಧಿಗೆ ಅಪಮಾನವಾಗುತ್ತದೆ. ಕೃತಿ ಮೆಚ್ಚಿಗೆಯಾಗುವುದೂ ಪಾತ್ರದ ನಡತೆ ಒಪ್ಪಿಗೆಯಾಗುವುದೂ ಬೇರೆ ಬೇರೆ ಎಂಬುದನ್ನು ಈ ವಯಸ್ಸಿನ ಮಗುವಿಗೆ ತಿಳಿಸಿಕೊಡಬಹುದು. ‘ಮೆಚ್ಚು’, ‘ಒಪ್ಪು’ ಎಂಬ ಎರಡು ಸರಳ ಪದಗಳು ಕನ್ನಡದಲ್ಲಿ ಸಿದ್ಧವಾಗಿಯೇ ಇವೆ. ಈ ಎರಡರ ಅಂತರ ಅರಿತ ಮಗು ವಿಮರ್ಶೆಯ ಮೊದಲ ಮೆಟ್ಟಿಲನ್ನು ಹತ್ತಿತೆಂದೇ ಹೇಳಬೇಕು.

೬

ಮೂರನೆಯ ಉದಾಹರಣೆ ಕನ್ನಡದ ಅಭಿಮಾನವನ್ನೇ ಪರೀಕ್ಷೆಗೆ ಒಡ್ಡುತ್ತದೆ. ರಿಷಬ್ ಶೆಟ್ಟಿ ನಿರ್ದೇಶಿಸಿದ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ೨೦೧೮ರಲ್ಲಿ ಬಂದು ಅತ್ಯುತ್ತಮ ಮಕ್ಕಳ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಪಡೆಯಿತು. ಗಡಿನಾಡಿನ ಕನ್ನಡ ಶಾಲೆಗೆ ಕನ್ನಡ ಬಾರದ ಮಲಯಾಳಿ ಅಧ್ಯಾಪಕರು ಬರುವುದು, ಶಾಲೆ ಮುಚ್ಚುವ ಸ್ಥಿತಿಗೆ ತಲುಪುವುದು, ಮಕ್ಕಳು ಅದನ್ನು ಉಳಿಸಿಕೊಳ್ಳುವುದು ಇದರ ವಸ್ತು. ಹೊರನಾಡಿನ ಕನ್ನಡ ತಂದೆತಾಯಿಗಳು ಮಕ್ಕಳಿಗೆ ತೋರಿಸಲೇಬೇಕೆಂದು ಬಯಸುವ ಚಿತ್ರವಿದು.

ಆದರೆ ತಿರುವನಂತಪುರದ ಮಗುವಿಗೆ ಮಲಯಾಳಿ ಅಧ್ಯಾಪಕಿ ನಗೆಯ ವಸ್ತುವಲ್ಲ. ತನಗೆ ಅಕ್ಷರ ಕಲಿಸಿದವಳು. ಚಿತ್ರದಲ್ಲಿ ಮಕ್ಕಳು ಅಧ್ಯಾಪಕರನ್ನು ನೋಡಿ ನಗುವಾಗ ಅದು ನಗಬೇಕೋ ಬಾರದೋ ಎಂದು ತಡೆಯಬಹುದು. ಆ ತಡೆಯುವಿಕೆಯನ್ನು ಕನ್ನಡದ್ರೋಹವೆಂದು ತಿಳಿಯಬೇಕಾಗಿಲ್ಲ. ತಪ್ಪು ಭಾಷೆ ಬಾರದ ವ್ಯಕ್ತಿಯದೋ, ಅವನನ್ನು ಅಲ್ಲಿಗೆ ಕಳಿಸಿದ ವ್ಯವಸ್ಥೆಯದೋ ಎಂಬುದು ಸರಿಯಾದ ಪ್ರಶ್ನೆ. ಚಿತ್ರ ಆ ಎರಡನ್ನು ಎಲ್ಲಿ ಬೇರ್ಪಡಿಸಿದೆ, ಎಲ್ಲಿ ಕಲಸಿದೆ ಎಂದು ಮಗುವಿನೊಡನೆ ದೃಶ್ಯ ದೃಶ್ಯವಾಗಿ ನೋಡಬಹುದು. ಕನ್ನಡ ಚಿತ್ರವೆಂಬ ಒಂದೇ ಕಾರಣಕ್ಕೆ ಅದನ್ನು ಸಮರ್ಥಿಸಿಕೊಳ್ಳಲು ಹಿರಿಯರು ಹೊರಟರೆ, ಕನ್ನಡವೆಂದರೆ ಪ್ರಶ್ನಿಸಬಾರದ ವಸ್ತು ಎಂಬ ಭಾವನೆ ಮಗುವಿನಲ್ಲಿ ನಿಲ್ಲುತ್ತದೆ. ಪ್ರಶ್ನಿಸಬಾರದ ಭಾಷೆಯನ್ನು ಪೂಜೆಗಿಟ್ಟು, ಪ್ರಶ್ನೆಗಳನ್ನೆಲ್ಲ ಮಗು ಬೇರೆ ಭಾಷೆಯಲ್ಲಿ ಕೇಳತೊಡಗುತ್ತದೆ. ಕನ್ನಡ ಚಿತ್ರವೊಂದನ್ನು ಕನ್ನಡದಲ್ಲಿಯೇ ‘ಸಪ್ಪೆ’ ಎನ್ನುವ ಸ್ವಾತಂತ್ರ್ಯ ಇರುವ ಮನೆಯಲ್ಲಿ ಕನ್ನಡ ಉಳಿಯುವ ಸಂಭವ ಹೆಚ್ಚು ಎಂಬುದು ನಮ್ಮ ಅಭಿಪ್ರಾಯ.

ಮಕ್ಕಳ ತೀರ್ಪಿಗೆ ತೂಕವಿಲ್ಲ ಎನ್ನುವವರು ಜಯರಾಜ್ ಅವರ ‘ಒಟ್ಟಾಲ್’ ಚಿತ್ರದ ಕತೆಯನ್ನು ನೆನೆಯಬೇಕು. ಚೆಕಾಫನ ‘ವಾಂಕಾ’ ಕತೆಯನ್ನು ಕುಟ್ಟನಾಡಿನ ನೀರು ಹೊಲಗಳ ನಡುವೆ ನೆಲೆಗೊಳಿಸಿದ ಈ ಚಿತ್ರ, ಬಾತುಕೋಳಿ ಮೇಯಿಸುವ ಅಜ್ಜ ಮತ್ತು ಪಟಾಕಿ ಕಾರ್ಖಾನೆಗೆ ಸೇರಿಹೋಗುವ ಮೊಮ್ಮಗನನ್ನು ಕುರಿತದ್ದು. ತಿರುವನಂತಪುರದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ೨೦೧೫ರಲ್ಲಿ ಸುವರ್ಣ ಚಕೋರ ಪಡೆದ ಇದಕ್ಕೆ ೨೦೧೬ರಲ್ಲಿ ಬರ್ಲಿನ್ ಉತ್ಸವದ ಮಕ್ಕಳ ವಿಭಾಗದ ಸ್ಫಟಿಕ ಕರಡಿ ಬಹುಮಾನವೂ ಬಂತು. ಆ ಬಹುಮಾನವನ್ನು ನಿರ್ಣಯಿಸುವ ಮಂಡಳಿಯ ಸದಸ್ಯರು ಮಕ್ಕಳೇ. ಹಾಸ್ಯವೂ ಕಡಮೆ, ವೇಷಭೂಷಣವೂ ಸರಳವಾಗಿರುವ, ಸುಖಾಂತವಲ್ಲದ ಚಿತ್ರವೊಂದನ್ನು ಪರದೇಶದ ಮಕ್ಕಳು ಆರಿಸಿದ್ದು ಭರತನ ಮಾತಿಗೆ ಒಂದು ತಿದ್ದುಪಡಿಯೆಂದು ತಿಳಿಯಬಹುದು.

೭

ಯಾವುದನ್ನು ತೋರಿಸಬೇಕು ಎಂಬ ವಿಷಯದಲ್ಲಿ ಕಾನೂನಿನ ನೆರವು ಸ್ವಲ್ಪ ಮಟ್ಟಿಗೆ ಇದೆ. ೧೯೮೩ರಿಂದ ಬಳಕೆಗೆ ಬಂದ ‘ಯು/ಎ’ ಎಂಬ ಒಂದೇ ದರ್ಜೆಯನ್ನು ೨೦೨೩ರ ತಿದ್ದುಪಡಿ ಕಾಯಿದೆ ಏಳು, ಹದಿಮೂರು, ಹದಿನಾರು ವರ್ಷಗಳ ಮೂರು ಮೆಟ್ಟಿಲುಗಳಾಗಿ ಒಡೆಯಿತು. ಅಂತರಜಾಲದ ವೇದಿಕೆಗಳಿಗೆ ೨೦೨೧ರ ನಿಯಮಗಳು ಇಂತಹದೇ ವರ್ಗೀಕರಣವನ್ನು ವಿಧಿಸಿದ್ದವು. ಹದಿಮೂರು ಮತ್ತು ಅದಕ್ಕೆ ಮೇಲ್ಪಟ್ಟ ದರ್ಜೆಯವಕ್ಕೆ ಪಾಲಕರು ಬೀಗ ಹಾಕುವ ಸೌಲಭ್ಯ ಇರಬೇಕೆಂದೂ ಹೇಳಿದವು. ಹನ್ನೊಂದರ ಮಗು ಏಳಕ್ಕೂ ಹದಿಮೂರಕ್ಕೂ ನಡುವೆ ನಿಂತಿದೆ. ಚೀಟಿ ಅಪಾಯವನ್ನು ಸೂಚಿಸುತ್ತದೆ, ಗುಣವನ್ನಲ್ಲ. ಹಿರಿಯರ ಮಾರ್ಗದರ್ಶನ ಬೇಕೆಂದು ಕಾನೂನು ಹೇಳುತ್ತದೆ. ಆ ಮಾರ್ಗದರ್ಶನ ಹೇಗಿರಬೇಕೆಂದು ಹೇಳುವುದು ಕಾನೂನಿನ ಕೆಲಸವಲ್ಲ.

ಅದನ್ನು ಕುರಿತು ಮೇಲಿನ ಉದಾಹರಣೆಗಳಿಂದ ಕೆಲವು ಮಾತುಗಳನ್ನು ತೆಗೆಯಬಹುದು. ನಾಟಕ ನಡೆಯುತ್ತಿರುವಾಗ ಹಿರಿಯರು ಮಾತು ಕಡಮೆ ಮಾಡಬೇಕು. ಭಯದ ದೃಶ್ಯದಲ್ಲಿ ಮಗುವಿಗೆ ಬೇಕಾದುದು ವಿವರಣೆಯಲ್ಲ, ಪಕ್ಕದಲ್ಲಿ ಒಬ್ಬರಿದ್ದಾರೆಂಬ ಭರವಸೆ. ಭಯ ತನ್ನದಾಗದೆ ಕತೆಯದಾಗಿ ಉಳಿದಾಗ ಮಾತ್ರ ಅದು ಭಯಾನಕ ರಸವಾಗುತ್ತದೆ. ಆ ದೂರವನ್ನು ಒದಗಿಸುವುದು ಜೊತೆಗಾರರ ಮೊದಲ ಕರ್ತವ್ಯ. ಮುಗಿದ ಮೇಲೆ ಮೊದಲ ಮಾತು ಮಗುವಿನದಾಗಲಿ. ಹಿರಿಯರ ತೀರ್ಪು ಮುಂಚೆ ಹೊರಬಿದ್ದರೆ ಮಗು ಅದನ್ನೇ ಒಪ್ಪಿಸುತ್ತದೆ, ಅಥವಾ ಹಟಕ್ಕಾಗಿ ವಿರೋಧಿಸುತ್ತದೆ. ‘ಚೆನ್ನಾಗಿತ್ತೇ’ ಎಂದು ಕೇಳಿದರೆ ಹೌದು, ಇಲ್ಲ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ‘ಎಲ್ಲಿ ನಂಬಿಕೆ ಬರಲಿಲ್ಲ’ ಎಂದು ಕೇಳಿದರೆ ಮಾತು ಬೆಳೆಯುತ್ತದೆ. ಮುಗಿಯದೆ ಸಾಗುವ ದಿನದ ಧಾರಾವಾಹಿಯಲ್ಲಿ ಕೊನೆಗಾಗಿ ಕಾಯುವಂತಿಲ್ಲವಾದುದರಿಂದ, ಈ ವಾರ ಕತೆ ಮುಂದೆ ಹೋಯಿತೋ ನಿಂತಲ್ಲೇ ನಿಂತಿತೋ ಎಂಬ ಒಂದು ಪ್ರಶ್ನೆ ಸಾಕು.

ಕೊನೆಯದಾಗಿ, ಪದಗಳ ಮಾತು. ಕೊಚ್ಚಿಯ ಮಗು ಮೆಚ್ಚಿದ್ದಕ್ಕೆ ‘ಅಡಿಪೊಳಿ’ ಎನ್ನುತ್ತದೆ, ಪೇಲವವಾದ ಹಾಸ್ಯಕ್ಕೆ ಮಲಯಾಳದ ರೂಢಿಯಂತೆ ‘ಚಳಿ’ ಎನ್ನುತ್ತದೆ. ಊರಿನಿಂದ ಬಂದ ಅಜ್ಜಿ ಅದನ್ನು ಶೀತವೆಂದು ತಿಳಿದು ಕಿಟಕಿ ಮುಚ್ಚಿದರೆ ಅಚ್ಚರಿಯಿಲ್ಲ. ಗೆಳೆಯರಿಂದ ಬಂದ ಈ ಪದಗಳನ್ನು ಕಿತ್ತುಹಾಕಬೇಕಾಗಿಲ್ಲ. ಅವುಗಳ ಪಕ್ಕದಲ್ಲಿ ಕನ್ನಡದ ಪದಗಳನ್ನು ಇಟ್ಟರೆ ಸಾಕು. ಕನ್ನಡದಲ್ಲಿ ತೀರ್ಪಿನ ಪದಗಳು ಊಟದ ಮನೆಯಲ್ಲೇ ಇವೆ: ಹದ, ಪಾಕ, ರುಚಿ, ಸಪ್ಪೆ, ಹಳಸಲು. ಅಡುಗೆಯ ವಿಷಯದಲ್ಲಿ ಮಗು ಈ ಪದಗಳನ್ನು ದಿನವೂ ಕೇಳಿಸಿಕೊಳ್ಳುತ್ತಿದೆ. ‘ಕೊನೆಯ ದೃಶ್ಯದಲ್ಲಿ ಹದ ತಪ್ಪಿತು’ ಎಂದು ಹಿರಿಯರು ಒಮ್ಮೆ ಹೇಳಿದರೆ, ಏಕೆ ತಪ್ಪಿತೆಂದು ಹೇಳಲು ಮಗುವಿಗೆ ಬೇರೆ ಭಾಷೆಯ ಮೊರೆಹೋಗುವ ಅಗತ್ಯ ಅಷ್ಟರಮಟ್ಟಿಗೆ ಕಡಮೆಯಾಗುತ್ತದೆ.

ಹೊರನಾಡಿನಲ್ಲಿ ಕನ್ನಡದ ಅಳಿವು ಉಳಿವುಗಳನ್ನು ಎಷ್ಟು ಜನ ಮಾತನಾಡುತ್ತಾರೆ ಎಂಬ ಲೆಕ್ಕದಿಂದಷ್ಟೇ ಅಳೆಯಲಾಗದು. ಆ ಭಾಷೆಯಲ್ಲಿ ಯಾವ ಯಾವ ಕೆಲಸಗಳು ನಡೆಯುತ್ತವೆ ಎಂಬುದನ್ನೂ ನೋಡಬೇಕು. ಕಾರಣ ಕೇಳುವುದು, ಹೋಲಿಸುವುದು, ಒಪ್ಪದಿರುವುದು, ಅಭಿಪ್ರಾಯ ಬದಲಿಸುವುದು, ಇವು ಭಾಷೆಯೊಂದನ್ನು ಪ್ರಾಯಕ್ಕೆ ತರುವ ಕೆಲಸಗಳು. ಶಾಲೆಯಲ್ಲಿ ಕನ್ನಡವಿಲ್ಲದ ಮಗುವಿಗೆ ಇವನ್ನು ಕನ್ನಡದಲ್ಲಿ ಮಾಡುವ ಅವಕಾಶ ಮನೆಯ ತೆರೆಯ ಮುಂದೆ ವಾರಕ್ಕೊಮ್ಮೆಯಾದರೂ ದೊರೆಯಬಲ್ಲದು. ಹರೆಯ ಬಂದ ಮೇಲೆ ಮಗು ತನ್ನ ಕೋಣೆಯ ಬಾಗಿಲು ಹಾಕಿಕೊಂಡು ಒಂಟಿಯಾಗಿ ನೋಡತೊಡಗುತ್ತದೆ. ಅದಕ್ಕೆ ಮುಂಚಿನ ಎರಡು ಮೂರು ವರ್ಷಗಳಲ್ಲಿ ಈ ಮನೆಗಳ ಮಾತುಕತೆ ಯಾವ ಭಾಷೆಯಲ್ಲಿ, ಎಷ್ಟು ದೂರ ಸಾಗುತ್ತದೆ ಎಂಬುದು ಹೊರನಾಡಿನ ಸಂಶೋಧಕರು ತಮ್ಮ ತಮ್ಮ ಊರುಗಳಲ್ಲಿ ಆಲಿಸಿ ದಾಖಲಿಸಬೇಕಾದ ವಿಷಯವಾಗಿದೆ.